50 ಕೆಜಿ ಕಾಫಿ ಮೂಟೆ ಹೊತ್ತು ಓಟ: ಕೈಲ್‌ಪೊಳ್ದ್ ಕ್ರೀಡಾಕೂಟಕ್ಕೆ ಇಡಬಹುದಾ?

ನಾಪೋಕ್ಲು ಕಡೆಯವ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆ ಹಬ್ಬ) ಆಟಕ್ಕೆ ಈ ಸಲ ಹೊಸದೇನಾದರೂ ಬೇಕು ಅಂತ ನಮ್ಮ ಯುವಕ ಸಂಘದ ಹುಡುಗರು ಹಟ ಹಿಡಿದಿದ್ದಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಹಗ್ಗಜಗ್ಗಾಟ, ಮಕ್ಕಳ ಕಪ್ಪೆ ಓಟ ಎಲ್ಲ ಪ್ರತಿ ವರ್ಷ ಇದ್ದದ್ದೇ. ಅವರು ಕೇಳುತ್ತಿರುವುದು ಕಾಫಿ ಮೂಟೆ ಹೊತ್ತು ಓಟ. ತೋಟದ ಮೂಟೆ ಅಂದರೆ 50 ಕೆಜಿ, ಹಾಗಾಗಿ ಓಟಕ್ಕೂ 50 ಕೆಜಿಯೇ ಇರಲಿ ಅನ್ನುವುದು ಅವರ ವಾದ. ದೂರ 200 ಮೀಟರ್. ಶಾಲೆ ಮೈದಾನದಲ್ಲಿ ಶುರು, ಇಳಿಜಾರು ದಾಟಿ ಗದ್ದೆ ಬದಿಯ ರಸ್ತೆಯಲ್ಲಿ ಮುಕ್ತಾಯ.

ನಿಯಮ ಬರೆಯುವ ಕೆಲಸ ನನಗೆ ಗಂಟುಬಿದ್ದಿದೆ. ಭಾರ ಹೊತ್ತು ಓಡಿ ಗೊತ್ತಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ಎಷ್ಟು ಕೆಜಿ, ಎಷ್ಟು ದೂರ, ಹೆಂಗಸರಿಗೆ ಬೇರೆ ಇಡಬೇಕಾ, ಸ್ವಲ್ಪ ಹೇಳಿ.

ಬೆಟ್ಟದ ಹುಲಿ

50 ಕೆಜಿ ಏನು ಮಹಾ. ಇಟ್ಟುಬಿಡಿ ಬ್ರೋ. ಹೆಗಲಿಗೊಂದು ಬಂದೂಕೂ ಕೊಡಿ, ಪೂರ್ತಿ ಕೊಡಗು ಸ್ಟೈಲ್ 😄

ಹವಾಲ್ದಾರ್ ಮಾಮ

ಬಂದೂಕಿನ ಮಾತು ತಮಾಷೆಗೂ ಬೇಡ ಮಗ. ಜಾರಿ ಬೀಳುವ ಆಟದಲ್ಲಿ ಬಂದೂಕು ಇರಬಾರದು. ಖಾಲಿ ಇದ್ದರೂ ಇರಬಾರದು.

ನಾಪೋಕ್ಲು ಕಡೆಯವರೇ, ಸೇನೆಯಲ್ಲಿ ಬಿಪಿಇಟಿ (ಬ್ಯಾಟಲ್ ಫಿಸಿಕಲ್ ಎಫಿಶಿಯೆನ್ಸಿ ಟೆಸ್ಟ್) ಅಂತ ಒಂದು ಪರೀಕ್ಷೆ ಇದೆ. ಯೂನಿಫಾರ್ಮ್, ಬೂಟು, ಬೆನ್ನಿಗೆ ಸಾಮಾನು, ಕೈಯಲ್ಲಿ ರೈಫಲ್, ಹೀಗೆ 5 ಕಿಮೀ ಓಡಬೇಕು. ಅದರ ಜೊತೆಗೆ 60 ಮೀಟರ್ ಜೋರು ಓಟ, ಹಗ್ಗ ಹತ್ತುವುದು, 9 ಅಡಿ ಹಳ್ಳ ಹಾರುವುದು. ಇನ್ಸಾಸ್ ರೈಫಲ್ ಒಂದೇ 4 ಕೆಜಿ ಮೇಲಿದೆ. ಹರೆಯದ ಜವಾನ 25 ನಿಮಿಷದ ಒಳಗೆ 5 ಕಿಮೀ ಮುಗಿಸಿದರೆ ಎಕ್ಸಲೆಂಟ್ ಸಿಗುತ್ತದೆ. ವರ್ಷಗಟ್ಟಲೆ ಪಳಗಿದ ಆಳು ಅವನು. ಅವನಿಗೂ ಓಡು ಅಂದಾಗ ಯಾರೂ 50 ಕೆಜಿ ಹೊರಿಸುವುದಿಲ್ಲ. ಅಷ್ಟು ಭಾರ ಬಂದರೆ ಅದು ನಡೆಯುವ ಭಾರ, ಓಡುವ ಭಾರ ಅಲ್ಲ.

ಇನ್ನೊಂದು ಮಾತು. ಎಷ್ಟು ಭಾರ ಅನ್ನುವುದಕ್ಕಿಂತ ಅದು ಮೈಗೆ ಹೇಗೆ ಕೂತಿದೆ ಅನ್ನುವುದು ದೊಡ್ಡದು. ಪಿಟ್ಟುವಿನ (ಬೆನ್ನಿಗೆ ಹಾಕುವ ಚೀಲದ) ಪಟ್ಟಿ ಸಡಿಲ ಇದ್ದರೆ ನೀನು ಒಂದು ಕಡೆ, ಪಿಟ್ಟು ಇನ್ನೊಂದು ಕಡೆ ಓಡುತ್ತೀರಿ. ನೀರಿನ ಬಾಟಲಿ ಅರ್ಧ ತುಂಬಿದ್ದರೆ ಹೆಜ್ಜೆಹೆಜ್ಜೆಗೂ ಕುಲುಕುತ್ತದೆ. ಪೂರ್ತಿ ತುಂಬಿಸು, ಇಲ್ಲ ಪೂರ್ತಿ ಚೆಲ್ಲು ಅನ್ನುತ್ತಿದ್ದರು ನಮ್ಮ ಉಸ್ತಾದರು. ನಿಮ್ಮ ಕಾಫಿ ಮೂಟೆಗೂ ಇದೇ ಲೆಕ್ಕ.

ತೋಟದ ರೈಟರ್

ಹವಾಲ್ದಾರ್ ಮಾಮ ಹೇಳಿದ್ದು ನೂರಕ್ಕೆ ನೂರು. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಎಲ್ಲಿಂದ ತರುತ್ತೀರಿ? ಅರೇಬಿಕಾ ಹಣ್ಣು ಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ, ರೋಬಸ್ಟಾ ಅದಾದ ಮೇಲೆ. ಹಳೆ ಸ್ಟಾಕ್ ಇಟ್ಟುಕೊಂಡವರು ಈಗಿನ ರೇಟಿಗೆ ನಿಮ್ಮ ಹುಡುಗರು ನೆಲಕ್ಕೆ ಎಸೆಯಲಿ ಅಂತ ಕೊಡುತ್ತಾರಾ?

ಬೆಂಗಳೂರಲ್ಲಿರುವ ಕೊಡಗಿನವ

ಇದೇ ಥರದ ಓಟ ಇಂಗ್ಲೆಂಡ್‌ನಲ್ಲಿದೆ. ಯಾರ್ಕ್‌ಶೈರ್‌ನ ಗಾಥೋರ್ಪ್ ಅನ್ನುವ ಹಳ್ಳಿ. ಕಲ್ಲಿದ್ದಲು ಮೂಟೆ ಹೊತ್ತು ಓಡುತ್ತಾರೆ. 1963ರಲ್ಲಿ ಪಬ್‌ನಲ್ಲಿ ಕೂತವರು ಒಬ್ಬರಿಗೊಬ್ಬರು ಸವಾಲು ಹಾಕಿಕೊಂಡು ಶುರುವಾದದ್ದು. ಈಗಲೂ ಈಸ್ಟರ್ ಸೋಮವಾರ ನಡೆಯುತ್ತದೆ. ಗಂಡಸರಿಗೆ 50 ಕೆಜಿ, ಹೆಂಗಸರಿಗೆ 20 ಕೆಜಿ, ದೂರ 1012 ಮೀಟರ್. ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಮುಗಿಸುವವರೂ ಇದ್ದಾರೆ. ಅಂದರೆ 50 ಕೆಜಿ ಆಗದ ಮಾತೇನಲ್ಲ ಮಾಮ.

ಫಿನ್ಲೆಂಡ್‌ನದ್ದು ಇನ್ನೂ ಮಜಾ. ಸೋಂಕಾಯಾರ್ವಿ ಅನ್ನುವ ಊರಲ್ಲಿ 1992ರಿಂದ ಹೆಂಡತಿಯನ್ನು ಹೊತ್ತು ಓಡುವ ಸ್ಪರ್ಧೆ. 253.5 ಮೀಟರ್, ಮಧ್ಯೆ ನೀರಿನ ಗುಂಡಿ ಬೇರೆ. ಹೊರಿಸಿಕೊಳ್ಳುವವರ ತೂಕ ಕಡಿಮೆ ಅಂದರೆ 49 ಕೆಜಿ ಇರಬೇಕು. ಗೆದ್ದವನಿಗೆ ಹೆಂಡತಿಯ ತೂಕದಷ್ಟು ಬಿಯರ್.

ಬೆಟ್ಟದ ಹುಲಿ

ಕೊನೆಯ ಸಾಲು ನಮ್ಮ ಸಂಘದ ನಿಯಮಕ್ಕೂ ಸೇರಿಸಿ.

ಮಡಿಕೇರಿ ಫಿಸಿಯೋ

ಇಂಗ್ಲೆಂಡ್ ಉದಾಹರಣೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಅಲ್ಲಿ ದಾರಿ ಡಾಂಬರು ರಸ್ತೆ, ಅದೂ ಸ್ವಲ್ಪ ಏರು. ಇವರದ್ದು ಸೆಪ್ಟೆಂಬರ್ ಮಳೆಯಲ್ಲಿ ನೆನೆದ ಹುಲ್ಲು, ಅದರಲ್ಲೂ ಇಳಿಜಾರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಡೆಯುವಾಗ ಒಂದು ಕಾಲು ಯಾವಾಗಲೂ ನೆಲದ ಮೇಲೆ ಇರುತ್ತದೆ. ಓಡುವಾಗ ಎರಡೂ ಕಾಲು ಗಾಳಿಯಲ್ಲಿರುವ ಗಳಿಗೆ ಒಂದಿದೆ. ಆಮೇಲೆ ಇಡೀ ಮೈ ಒಂದೇ ಕಾಲಿನ ಮೇಲೆ ಇಳಿಯುತ್ತದೆ. ಬರಿಗೈಯಲ್ಲಿ ಓಡಿದರೂ ಪ್ರತಿ ಹೆಜ್ಜೆಗೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ಬೀಳುತ್ತದೆ. 60 ಕೆಜಿಯ ಹುಡುಗ 50 ಕೆಜಿ ಹೊತ್ತ ತಕ್ಷಣ 110 ಕೆಜಿಯ ಆಳಾದ. ಆದರೆ ಅವನ ಮಂಡಿ, ಹಿಮ್ಮಡಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ದಾರ), ಮೊಣಕಾಲ ಕೆಳಗಿನ ಮೂಳೆ ಎಲ್ಲ ಪಳಗಿರುವುದು 60 ಕೆಜಿಗೆ. ಮಾಂಸಖಂಡ ಬೇಗ ಬಲಿಯುತ್ತದೆ. ಮೂಳೆ, ಟೆಂಡನ್ ನಿಧಾನ. ಸೇನೆ ಸೇರಿದ ಹೊಸದರಲ್ಲಿ ಹುಡುಗರಿಗೆ ಮೊಣಕಾಲ ಕೆಳಗೆ ಕೂದಲೆಳೆ ಬಿರುಕು ಬರುವುದು ಇದೇ ಕಾರಣಕ್ಕೆ. ಉಸಿರು, ಉತ್ಸಾಹ ಎಲ್ಲ ಇರುತ್ತದೆ, ಮೂಳೆ ಇನ್ನೂ ತಯಾರಾಗಿರುವುದಿಲ್ಲ.

ಇಳಿಜಾರಿನಲ್ಲಿ ತೊಡೆಯ ಮುಂಭಾಗ ಬ್ರೇಕ್ ಕೆಲಸ ಮಾಡುತ್ತದೆ. ಸ್ನಾಯು ಉದ್ದವಾಗುತ್ತಲೇ ಬಲ ಹಾಕಬೇಕು. ಏರುವುದಕ್ಕಿಂತ ಇದರಿಂದಲೇ ನೋವು ಜಾಸ್ತಿ. ಅದೂ ಅವತ್ತು ಗೊತ್ತಾಗುವುದಿಲ್ಲ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ದಯವಿಟ್ಟು ಇಳಿಜಾರು ತೆಗೆದುಹಾಕಿ. ಕೆಜಿ ಬಗ್ಗೆ ಆಮೇಲೆ ಜಗಳ ಮಾಡೋಣ.

ಸುಂಟಿಕೊಪ್ಪದ ಅಕ್ಕ

ನೀವೆಲ್ಲ ಓದಿದವರು, ಸರಿ. ನಾನು ತೋಟದ ಕೆಲಸದವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಹಣ್ಣು ಕೊಯ್ಲಿನ ಸಮಯದಲ್ಲಿ ಸಂಜೆ ಹೊತ್ತಿಗೆ ತೋಟದ ಒಳಗಿನಿಂದ ರಸ್ತೆವರೆಗೆ ಚೀಲ ಹೊತ್ತು ತರುವವರು ಯಾರು? ಹೆಂಗಸರೇ. ಹಸಿ ಹಣ್ಣಿನ ಚೀಲ ಎಷ್ಟು ಭಾರ ಅಂತ ರೈಟರ್ ಅಣ್ಣನನ್ನೇ ಕೇಳಿ. ಈಗ ಆಟಕ್ಕೆ ಬಂದಾಗ ಮಾತ್ರ ಹೆಂಗಸರಿಗೆ 5 ಕೆಜಿ, 10 ಕೆಜಿ ಅಂತ ಕೊಡಬೇಡಿ.

ತೋಟದ ರೈಟರ್

ಅಕ್ಕ ಹೇಳಿದ್ದು ಸುಳ್ಳಲ್ಲ. ತೂಕದ ಹತ್ತಿರ ನಿಂತು ಬರೆದುಕೊಳ್ಳುವವನು ನಾನು. ಇಳಿಜಾರಿನಿಂದ ಬರುವಾಗ ಅವರ ಹೆಜ್ಜೆ ನೋಡಬೇಕು. ಗೇಣು ಗೇಣು ಹೆಜ್ಜೆ. ಮಂಡಿ ಪೂರ್ತಿ ನೆಟ್ಟಗಾಗುವುದೇ ಇಲ್ಲ. ತಲೆ ಮೇಲೆ ಸಿಂಬೆ, ಅದರ ಮೇಲೆ ಚೀಲ. ಒಂದು ಕೈ ಚೀಲದ ಕಿವಿ ಹಿಡಿದಿರುತ್ತದೆ, ಇನ್ನೊಂದು ಕೈ ಕಾಫಿ ಗಿಡದ ಕೊಂಬೆ ಸರಿಸುತ್ತಿರುತ್ತದೆ. ಸೊಂಟದ ಕೆಳಗೆ ಏನೇ ಆಗಲಿ, ಚೀಲ ಮಾತ್ರ ಅಲ್ಲಾಡುವುದಿಲ್ಲ.

ಮಡಿಕೇರಿ ಫಿಸಿಯೋ

ಅಕ್ಕ, ನಿಮ್ಮ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ಕೀನ್ಯಾದಲ್ಲಿ ತಲೆ ಮೇಲೆ ಹೊರೆ ಹೊರುವ ಹೆಂಗಸರನ್ನು ಪರೀಕ್ಷೆ ಮಾಡಿದ ಒಂದು ಅಧ್ಯಯನ 1986ರಲ್ಲಿ ಬಂತು. ತಮ್ಮ ತೂಕದ 20 ಶೇಕಡಾದಷ್ಟು ಹೊರೆಯನ್ನು ಅವರು ಹೆಚ್ಚು ಶಕ್ತಿ ಖರ್ಚೇ ಇಲ್ಲದೆ ಹೊರುತ್ತಿದ್ದರು. ಅಷ್ಟೇ ಭಾರ ಬೆನ್ನಿಗೆ ಕಟ್ಟಿಕೊಂಡ ಗಂಡಸರಿಗೆ ಖರ್ಚು ಏರುತ್ತಿತ್ತು. ಚಿಕ್ಕಂದಿನಿಂದ ಹೊತ್ತ ಅಭ್ಯಾಸದಿಂದ ಅವರ ನಡಿಗೆಯೇ ಬೇರೆ ಆಗಿತ್ತು.

ಆದರೆ ಅದು ನಡಿಗೆಯ ಲೆಕ್ಕ. ಓಡಿದರೆ ತಲೆ ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುತ್ತದೆ, ಆ ಲಾಭ ಅಲ್ಲಿಗೆ ಮುಗಿಯಿತು. ಕುತ್ತಿಗೆಗೆ ಏಟು ಬೇರೆ.

ಸುಂಟಿಕೊಪ್ಪದ ಅಕ್ಕ

ತಲೆ ಮೇಲೆ ಹೊರೆ ಇಟ್ಟುಕೊಂಡು ಓಡುವವರು ಯಾರಾದರೂ ಇದ್ದಾರಾ? ನಾವು ಓಡುವುದು ಆನೆ ಬಂದರೆ ಮಾತ್ರ. ಆಗ ಚೀಲ ಅಲ್ಲೇ ಬಿಸಾಡಿ ಓಡುತ್ತೇವೆ 😀

ಇನ್ನೊಂದು. ಎಲ್ಲರೂ ಗಂಬೂಟು ಹಾಕಿಕೊಂಡು ಬರುತ್ತಾರೆ ಅಂದುಕೊಳ್ಳಿ, ಮಳೆಗಾಲ ಅಲ್ವಾ. ಗಂಬೂಟಿನಲ್ಲಿ ಓಡುವುದು ಚೀಲ ಹೊರುವುದಕ್ಕಿಂತ ಕಷ್ಟ.

ಮಡಿಕೇರಿ ಫಿಸಿಯೋ

ಇದು ಸರಿಯಾದ ಪಾಯಿಂಟ್. ಒಂದೊಂದು ಬೂಟಿಗೆ 100 ಗ್ರಾಂ ಸೇರಿಸಿದರೆ ಓಟದ ಖರ್ಚು ಹೆಚ್ಚುಕಡಿಮೆ 1 ಶೇಕಡಾ ಏರುತ್ತದೆ ಅಂತ ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಕ್ಯಾನ್ವಾಸ್ ಶೂಗಿಂತ ಅರ್ಧ ಕೆಜಿ ಜಾಸ್ತಿ ತೂಗುವ ಗಂಬೂಟು ಅಂದರೆ ಸುಮಾರು 5 ಶೇಕಡಾ. ಬೆನ್ನಿನ ಮೇಲಿನ 1 ಕೆಜಿಗೂ ಪಾದದ 1 ಕೆಜಿಗೂ ತುಂಬಾ ವ್ಯತ್ಯಾಸ. ಪಾದದ್ದು ಬೆನ್ನಿನದ್ದರ ನಾಲ್ಕೈದು ಪಟ್ಟು ದುಬಾರಿ. ಯಾಕೆಂದರೆ ಬೆನ್ನು ಒಂದೇ ಸಮ ಮುಂದೆ ಹೋಗುತ್ತದೆ. ಪಾದ ಹಾಗಲ್ಲ. ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕು, ಬೀಸಬೇಕು, ನಿಲ್ಲಿಸಬೇಕು.

ಗೋಲ್‌ಪೋಸ್ಟ್ ಕಾಯುವವ

ಕಾಲಿನ ಭಾರ ಅಂದಾಗ ನಾನು ಬಾಯಿ ಹಾಕಲೇಬೇಕು. ಕೌಟುಂಬಿಕ ಹಾಕಿಯಲ್ಲಿ ನಮ್ಮ ಮನೆಯ ತಂಡಕ್ಕೆ ಗೋಲ್‌ಕೀಪರ್ ನಾನು. ಕಾಲಿಗೆ ಪ್ಯಾಡ್, ಪಾದಕ್ಕೆ ಕಿಕ್ಕರ್, ಎದೆಗೆ ಗಾರ್ಡ್, ತಲೆಗೆ ಹೆಲ್ಮೆಟ್. ಕೀಪರ್ ನಿಂತಲ್ಲೇ ನಿಲ್ಲುತ್ತಾನೆ ಅಂತ ಜನ ಅಂದುಕೊಂಡಿದ್ದಾರೆ. ಶೂಟೌಟ್ ನೋಡಿ. ಎದುರಾಳಿ 23 ಮೀಟರ್ ಗೆರೆಯಿಂದ ಚೆಂಡು ತರುತ್ತಾನೆ. ಅವನಿಗೆ 8 ಸೆಕೆಂಡ್ ಸಮಯ. ಸೀಟಿ ಊದಿದ ತಕ್ಷಣ ನಾನು ಗೋಲ್ ಗೆರೆ ಬಿಟ್ಟು ಮುಂದೆ ನುಗ್ಗಬೇಕು, ಅವನ ಕೋನ ಚಿಕ್ಕದು ಮಾಡಬೇಕು. ಆ ಮೊದಲ ಮೂರು ಹೆಜ್ಜೆಯಲ್ಲೇ ಆಟ.

ಪ್ಯಾಡ್ ಒಂದಕ್ಕೊಂದು ಉಜ್ಜುತ್ತದೆ, ಹಾಗಾಗಿ ಕಾಲು ಅಗಲ ಮಾಡಿಯೇ ಓಡಬೇಕು. ಹೆಜ್ಜೆ ಉದ್ದ ಹಾಕಲು ಹೋದರೆ ಕಿಕ್ಕರ್ ತುದಿ ನೆಲಕ್ಕೆ ತಾಗಿ ಮುಗ್ಗರಿಸುವುದು ಗ್ಯಾರಂಟಿ. ಚಿಕ್ಕ ಹೆಜ್ಜೆ, ಬೇಗ ಬೇಗ, ಮೈ ಸ್ವಲ್ಪ ಮುಂದೆ ಬಾಗಿರಬೇಕು. ಈಗಿನ ಫೋಮ್ ಪ್ಯಾಡ್ ಪರವಾಗಿಲ್ಲ. ಹಳೆ ಕಾಲದ ಪ್ಯಾಡ್ ಮಳೆಯಲ್ಲಿ ನೀರು ಕುಡಿದು ಇನ್ನಷ್ಟು ಭಾರ ಆಗುತ್ತಿತ್ತು. ನಮ್ಮ ಕೊಡಗಿನ ಎ.ಬಿ. ಸುಬ್ಬಯ್ಯ 1992, 1996ರ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲು ಕಾದವರು. ಅವರ ಕಾಲದ ಆಟದ ವಿಡಿಯೋ ಸಿಕ್ಕಿದರೆ ಕಾಲು ಮಾತ್ರ ನೋಡಿ, ಚೆಂಡು ನೋಡಬೇಡಿ.

ಮೂಟೆ ಓಟಕ್ಕೂ ಇದೇ ಹೆಜ್ಜೆ ಬರುತ್ತದೆ ಅನ್ನುವುದು ನನ್ನ ಲೆಕ್ಕ. ಮತ್ತೆ, ತಿರುಗುವುದು ಇಡಬೇಡಿ. ಕಂಬ ಸುತ್ತಿ ವಾಪಸ್ ಬನ್ನಿ ಅಂದರೆ ಕಾಲು ನಿಲ್ಲುತ್ತದೆ, ಮೂಟೆ ನಿಲ್ಲುವುದಿಲ್ಲ. ಮಂಡಿ ತಿರುಚುವುದು ಅಲ್ಲೇ.

ಕುಶಾಲನಗರ 101

ಫೈರ್ ಸರ್ವಿಸ್‌ನಲ್ಲಿದ್ದೇನೆ. ಕೋಟು, ಹೆಲ್ಮೆಟ್, ಬೂಟು, ಬೆನ್ನಿಗೆ ಉಸಿರಾಟದ ಸಿಲಿಂಡರ್, ಎಲ್ಲ ಸೇರಿ 20 ಕೆಜಿ ದಾಟುತ್ತದೆ. ನಮಗೆ ಮೊದಲು ಕಲಿಸುವುದೇ ಓಡಬೇಡ ಅಂತ. ಸಿನಿಮಾದಲ್ಲಿ ಓಡುತ್ತಾರೆ. ನಾವು ಚುರುಕಾಗಿ ನಡೆಯುತ್ತೇವೆ. ಓಡಿದರೆ ಸಿಲಿಂಡರ್ ಗಾಳಿ ಬೇಗ ಖಾಲಿ. ಅರ್ಧ ಗಂಟೆ ಅಂತ ಬರೆದಿರುವ ಸಿಲಿಂಡರ್ ಏದುಸಿರು ಬಿಡುವವನಿಗೆ ಅರ್ಧ ಗಂಟೆ ಬರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ತಂಪು ಇರುತ್ತದೆ, ಬೆವರುವುದಿಲ್ಲ ಅಂತ ಯಾರಾದರೂ ಹೇಳಬಹುದು. ಮಳೆ ಮೋಡದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಅದರ ಮೇಲೆ ರೈನ್‌ಕೋಟ್ ಹಾಕಿಕೊಂಡು ಮೂಟೆ ಹೊತ್ತರೆ ಒಳಗೆ ಕುಕ್ಕರ್. ರೈನ್‌ಕೋಟ್ ತೆಗೆಸಿ ಓಡಿಸಿ. ಒದ್ದೆಯಾದರೆ ಆಗಲಿ.

ಆಮೇಲೆ, ಊಟಕ್ಕೆ ಮುಂಚೆ ಮುಗಿಸಿ. ಕಡಂಬುಟ್ಟು, ಪಂದಿ ಕರಿ, ಅದರ ಜೊತೆ ಇನ್ನೇನೋ ಆದಮೇಲೆ ಮೂಟೆ ಎತ್ತಲು ಬರುವ ಶೂರರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಹಗ್ಗಜಗ್ಗಾಟ ಸಾಕು.

ನಾಪೋಕ್ಲು ಕಡೆಯವ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್. ನಿನ್ನೆ ಭಾನುವಾರ ಮೈದಾನದಲ್ಲಿ ಸುಮ್ನೆ ಒಂದು ಟ್ರಯಲ್ ಮಾಡಿದೆವು.

50 ಕೆಜಿಗೆ ಓಟವೇ ಆಗಲಿಲ್ಲ. ಎಲ್ಲರೂ ಬೆನ್ನು ಬಗ್ಗಿಸಿ ಅವಸರದಲ್ಲಿ ನಡೆದರು ಅಷ್ಟೇ. ಮೂಟೆ ಎತ್ತಿ ಹೆಗಲಿಗೆ ಹಾಕಿಕೊಳ್ಳುವುದರಲ್ಲೇ ಅರ್ಧ ಜನ ಸುಸ್ತು. ಇಬ್ಬರು ಸೇರಿ ಎತ್ತಿ ಕೂರಿಸಬೇಕಾಯಿತು. ನೋಡುವವರಿಗೂ ಮಜಾ ಇರಲಿಲ್ಲ. 25 ಕೆಜಿ ಕೊಟ್ಟಾಗ ನಿಜವಾದ ಪೈಪೋಟಿ ಆಯಿತು. ಕೂಗಾಟ, ಸಿಳ್ಳೆ ಎಲ್ಲ.

ಆದರೆ ಹೊಸ ತೊಂದರೆ. ಟ್ರಯಲ್‌ಗೆ ಚೀಲಕ್ಕೆ ಮರಳು ತುಂಬಿದ್ದೆವು. 25 ಕೆಜಿ ಮರಳು ದೊಡ್ಡ ಗೋಣಿಯ ತಳದಲ್ಲಿ ಮುದ್ದೆಯಾಗಿ ಕೂರುತ್ತದೆ. ಹೆಗಲ ಮೇಲೆ ಹಾಕಿದರೆ ಮುದ್ದೆ ಹಿಂದೆ ಜೋತು ಬಿದ್ದು ಸೊಂಟಕ್ಕೆ ಬಡಿಯುತ್ತದೆ. ಕುತ್ತಿಗೆ ಹಿಂದೆ ಅಡ್ಡ ಇಟ್ಟುಕೊಂಡವರು ಎಲ್ಲರಿಗಿಂತ ಮುಂದೆ ಹೋದರು.

ಬೆಂಗಳೂರಲ್ಲಿರುವ ಕೊಡಗಿನವ

ಕಲ್ಲಿದ್ದಲು ಓಟದಲ್ಲೂ ಕುತ್ತಿಗೆ ಹಿಂದೆ ಎರಡೂ ಹೆಗಲಿಗೆ ಅಡ್ಡ ಇಟ್ಟುಕೊಂಡು ಓಡುವವರನ್ನೇ ಹೆಚ್ಚು ಕಾಣುತ್ತೇವೆ. ಫಿನ್ಲೆಂಡ್‌ನಲ್ಲಿ ಹೆಂಡತಿಯನ್ನು ಬೆನ್ನಿಗೆ ತಲೆಕೆಳಗಾಗಿ ಹಾಕಿಕೊಳ್ಳುತ್ತಾರೆ. ಅವಳ ಕಾಲು ಗಂಡನ ಕುತ್ತಿಗೆ ಸುತ್ತ, ಕೈ ಅವನ ಸೊಂಟ ಸುತ್ತ. ನೋಡಲು ವಿಚಿತ್ರ, ಆದರೆ ಗೆಲ್ಲುವವರು ಹೆಚ್ಚಾಗಿ ಹಾಗೇ ಹೊರುತ್ತಾರೆ. ಭಾರ ಮೈಗೆ ಅಂಟಿಕೊಂಡಿರುತ್ತದೆ, ಓಡುವವನ ಕೈ ಖಾಲಿ.

ತೋಟದ ರೈಟರ್

ಮರಳು ಬೇಡ. ಭತ್ತ ತುಂಬಿ. ಕಳೆದ ವರ್ಷದ್ದು ಯಾರ ಮನೆಯಲ್ಲಾದರೂ ಇರುತ್ತದೆ. 25 ಕೆಜಿ ಭತ್ತ ತುಂಬಿದರೆ ಚೀಲ ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಜೋಲುವುದಿಲ್ಲ. ದೊಡ್ಡ ಗೋಣಿ ಬೇಡ, ಸಣ್ಣ ಚೀಲ ತೆಗೆದುಕೊಳ್ಳಿ. ಬಾಯಿಗೆ ಸುಮ್ನೆ ಗಂಟು ಹಾಕಿದರೆ ಮೇಲೆ ಜಾಗ ಉಳಿದು ಒಳಗಿನದ್ದು ಓಡಾಡುತ್ತದೆ. ಭತ್ತ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೇ ಒತ್ತಿ ಹಿಡಿದು ದಬ್ಬಣದಲ್ಲಿ ಹೊಲಿಯಿರಿ. ಹೊಲಿಯುವಾಗ ಎರಡು ಮೂಲೆಯಲ್ಲಿ ಹಿಡಿ ಭತ್ತ ಬೇರೆ ಮಾಡಿ ಸುತಳಿ ಸುತ್ತಿದರೆ ಕಿವಿ ಸಿಗುತ್ತದೆ. ಹಿಡಿಯಲು ಅದೇ ಬೇಕು. ಕಿವಿ ಇಲ್ಲದ ಚೀಲ ಬೆವರಿದ ಕೈಯಿಂದ ಜಾರುತ್ತದೆ.

ಹೊರುವವರೆಲ್ಲ ಒಂದೇ ಥರದ ಚೀಲ ಹೊರಬೇಕು ಅಂತ ನಿಯಮದಲ್ಲಿ ಬರೆಯಿರಿ. ಇಲ್ಲದಿದ್ದರೆ ಸೋತವನು ಚೀಲದ ಮೇಲೆ ಹಾಕುತ್ತಾನೆ.

ಪೊನ್ನಂಪೇಟೆ ಓಟಗಾತಿ

ನಾನು ಪೊಲೀಸ್ ನೇಮಕಾತಿಗೆ ತಯಾರಿ ಮಾಡುತ್ತಿದ್ದೇನೆ. ಇದನ್ನೆಲ್ಲ ಓದಿ ಗೊಂದಲ ಆಯಿತು. ನನ್ನ ಕೋಚಿಂಗ್‌ನಲ್ಲಿ ಕಾಲಿಗೆ ಮರಳಿನ ಪಟ್ಟಿ ಕಟ್ಟಿಕೊಂಡು ಓಡು, ಬಿಚ್ಚಿದಾಗ ಹಾರುತ್ತೀಯ ಅನ್ನುತ್ತಾರೆ. ಬ್ಯಾಗಿಗೆ ಇಟ್ಟಿಗೆ ಹಾಕಿಕೊಂಡು ಓಡುವವರೂ ಇದ್ದಾರೆ. ಅದು ಸರಿಯಾ ಫಿಸಿಯೋ ಸರ್?

ಮಡಿಕೇರಿ ಫಿಸಿಯೋ

ಸರ್ ಅಲ್ಲ, ಮೇಡಂ 🙂 ಪರವಾಗಿಲ್ಲ.

ಕಾಲಿನ ಪಟ್ಟಿ ಇವತ್ತೇ ಬಿಚ್ಚಿಡಿ. ಬಿಚ್ಚಿದ ಮೇಲೆ ಕಾಲು ಹಗುರ ಅನ್ನಿಸುವುದು ನಿಜ. ಆದರೆ ಆ ಅನ್ನಿಸಿಕೆ ಸ್ವಲ್ಪ ಹೊತ್ತಿನದು. ಅದರಿಂದ ಟೈಮಿಂಗ್ ಇಳಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ಮಂಡಿ ಕೀಲಿಗೆ ಎಳೆತ, ಓಟದ ಹೆಜ್ಜೆ ಹಾಳು, ಇಷ್ಟು ಮಾತ್ರ ಖಚಿತ. ಇಟ್ಟಿಗೆ ಬ್ಯಾಗೂ ಅಷ್ಟೇ. ಬೆನ್ನಿನ ಮೇಲೆ ಕುಣಿಯುತ್ತದೆ.

ವೇಗ ಬೇಕಾದರೆ ಹಗುರವಾಗಿ ಓಡಿ. ಬಲ ಬೇಕಾದರೆ ಭಾರ ಹೊತ್ತು ನಡೆಯಿರಿ, ಅದೂ ಏರು ದಾರಿಯಲ್ಲಿ. ಎರಡನ್ನೂ ಒಂದೇ ದಿನ ಕಲಸಬೇಡಿ. ಹೊಸಬರು ತಮ್ಮ ತೂಕದ 10 ಶೇಕಡಾದಿಂದ ಶುರು ಮಾಡಲಿ. ವಾರಕ್ಕೆ ಒಂದು ದಿನ ಸಾಕು. ಮೊದಲು ದೂರ ಹೆಚ್ಚಿಸಿ, ಆಮೇಲೆ ಭಾರ. ಎರಡನ್ನೂ ಒಟ್ಟಿಗೆ ಏರಿಸಬೇಡಿ. ಮೊಣಕಾಲ ಕೆಳಗಿನ ಮೂಳೆ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಳ್ ಅಂದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ಮುಂದುವರಿಸಬೇಡಿ.

ಹವಾಲ್ದಾರ್ ಮಾಮ

ಮೇಡಂ ಹೇಳಿದ್ದಕ್ಕೆ ಒಂದು ಉಪಾಯ ಸೇರಿಸುತ್ತೇನೆ ಮಗಳೇ. ಬ್ಯಾಗಿಗೆ ಇಟ್ಟಿಗೆ ಬೇಡ, ನೀರಿನ ಬಾಟಲಿ ಹಾಕು. 1 ಲೀಟರ್ ಅಂದರೆ 1 ಕೆಜಿ, ಲೆಕ್ಕ ಸುಲಭ. ಬಾಟಲಿಗಳ ಸುತ್ತ ಕಂಬಳಿ ತುರುಕು, ಅಲ್ಲಾಡಬಾರದು. ಭಾರದ್ದು ಮೇಲೆ, ಬೆನ್ನಿಗೆ ತಾಗಿದ ಹಾಗೆ. ಕಕ್ಕಬ್ಬೆ ಕಡೆಯಿಂದ ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್ ಹತ್ತಬಹುದು. ಕೊಡಗಿನ ಅತಿ ಎತ್ತರದ ಬೆಟ್ಟ ಅದು, 1748 ಮೀಟರ್. ಅರಣ್ಯ ಇಲಾಖೆ ಬಿಡುವ ದಿನ ನೋಡಿ, ಜೊತೆಗೆ ಜನ ಇಟ್ಟುಕೊಂಡು ಹೋಗು. ಮೇಲೆ ತಲುಪಿದ ಮೇಲೆ ಕುಡಿಯಲು ಬೇಕಾದಷ್ಟು ಇಟ್ಟುಕೊಂಡು ಉಳಿದ ನೀರು ಚೆಲ್ಲಿಬಿಡು. ಇಳಿಯುವಾಗ ಬೆನ್ನು ಖಾಲಿ. ಏರುವ ಲಾಭ ಪೂರ್ತಿ ಸಿಕ್ಕಿತು, ಇಳಿಯುವ ಪೆಟ್ಟು ತಪ್ಪಿತು.

ಅಷ್ಟು ದೂರ ಆಗದಿದ್ದರೆ ನಿಮ್ಮ ಮನೆ ಹಿಂದಿನ ತೋಟದ ದಾರಿ ಸಾಕು. ಕೊಡಗಿನಲ್ಲಿ ಏರು ದಾರಿಗೆ ಬರವಾ?

ಪೊನ್ನಂಪೇಟೆ ಓಟಗಾತಿ

ಥ್ಯಾಂಕ್ಸ್ ಮಾಮ, ಥ್ಯಾಂಕ್ಸ್ ಮೇಡಂ. ನೀರು ಚೆಲ್ಲುವುದು ಹೊಳೆದೇ ಇರಲಿಲ್ಲ.

ಮಕ್ಕಂದೂರು ಹುಡುಗ

ಆಟದ ಮಧ್ಯೆ ಬೇರೆ ಮಾತು ತರುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಕಡೆ ನಡೆಯಲಾಗದ ಹಿರಿಯರನ್ನು ಹೊತ್ತು ಸಾಗಿಸಬೇಕಾಯಿತು. ರಸ್ತೆ ಇರಲಿಲ್ಲ, ಕೆಸರು ಮಂಡಿವರೆಗೆ. ಹಿಂದೆ ಮಣ್ಣು ಇನ್ನೂ ಜಾರುತ್ತಿತ್ತು. ಎಲ್ಲರಿಗೂ ಓಡುವ ಆಸೆ, ಒಬ್ಬರಿಗೂ ಓಡಲು ಆಗಲಿಲ್ಲ. ಒಬ್ಬನೇ ಬೆನ್ನಿಗೆ ಹಾಕಿಕೊಂಡು ಹೊರಟಾಗ ಸ್ವಲ್ಪ ದೂರಕ್ಕೇ ಕಾಲು ನಡುಗುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ಕು ಜನ ಹಿಡಿದು, ಸುಸ್ತಾಗುವ ಮೊದಲೇ ಕೈ ಬದಲಾಯಿಸಿದಾಗ ಬೇಗ ತಲುಪಿದೆವು. ಸುಸ್ತಾದ ಮೇಲೆ ಬದಲಾಯಿಸಲು ಹೋದರೆ ತಡ. ಅವನಿಗೆ ಇಳಿಸುವಷ್ಟು ಶಕ್ತಿಯೂ ಉಳಿದಿರುವುದಿಲ್ಲ.

ನಿಮ್ಮ ಆಟದಲ್ಲಿ ರಿಲೇ ಒಂದು ಇಟ್ಟರೆ ಹೇಗೆ? ನಾಲ್ಕು ಜನ, ಒಂದೇ ಮೂಟೆ. ಮೂಟೆ ಬದಲಾಯಿಸುವುದೂ ಒಂದು ಕಲೆ.

ಕುಶಾಲನಗರ 101

ಒಳ್ಳೆ ಐಡಿಯಾ. ಮೂಟೆ ಕೈಯಿಂದ ಕೈಗೆ ಎಸೆಯುವ ಹಾಗಿಲ್ಲ, ನೆಲಕ್ಕೆ ಇಳಿಸಿಯೇ ಇನ್ನೊಬ್ಬ ಎತ್ತಬೇಕು ಅಂತ ಬರೆಯಿರಿ. ಎಸೆದರೆ ಬೆರಳು ಹೋಗುತ್ತದೆ.

ಬೆಟ್ಟದ ಹುಲಿ

ಎಲ್ಲ ಸರಿ, ಆದರೆ 25 ಕೆಜಿ ಎಲ್ಲರಿಗೂ ಒಂದೇ ಆಗುತ್ತದಾ? ನಮ್ಮ ಸಂಘದಲ್ಲಿ 55 ಕೆಜಿಯವನೂ ಇದ್ದಾನೆ, 90 ಕೆಜಿಯವನೂ ಇದ್ದಾನೆ.

ಮಡಿಕೇರಿ ಫಿಸಿಯೋ

ಹುಲಿ ಕೊನೆಗೂ ಕೆಲಸದ ಪ್ರಶ್ನೆ ಕೇಳಿದ. 55 ಕೆಜಿಯವನಿಗೆ 25 ಅಂದರೆ ಅವನ ತೂಕದ 45 ಶೇಕಡಾ. 90 ಕೆಜಿಯವನಿಗೆ 28 ಶೇಕಡಾ ಕೂಡ ಇಲ್ಲ. ಸೈನ್ಯಗಳಲ್ಲಿ ಕಾದಾಡುವಾಗಿನ ಭಾರ ಮೈತೂಕದ 30 ಶೇಕಡಾದ ಆಸುಪಾಸು ಇರಲಿ ಅನ್ನುವ ಮಾತಿದೆ. ಪಾಲಿಸುವುದು ಬೇರೆ ವಿಷಯ, ಮಾಮನನ್ನು ಕೇಳಿ. ಹಳ್ಳಿ ಆಟಕ್ಕೆ ಅಷ್ಟು ಹಿಡಿದುಕೊಂಡರೆ ಸಾಕು. ಪ್ರತಿಯೊಬ್ಬನಿಗೆ ಬೇರೆ ಮೂಟೆ ಹೊಲಿಯಲು ಆಗುವುದಿಲ್ಲ. ಎರಡು ಗುಂಪು ಮಾಡಿ. ಬಿಪಿ, ಎದೆ ತೊಂದರೆ ಇರುವವರನ್ನು, ಸೊಂಟ ಹಿಡಿದಿರುವವರನ್ನು ಓಡಲು ಬಿಡಬೇಡಿ. ಭಾರ ಎತ್ತುವಾಗ ಉಸಿರು ಕಟ್ಟಿದರೆ ಬಿಪಿ ಸಟ್ಟನೆ ಏರುತ್ತದೆ.

ಹವಾಲ್ದಾರ್ ಮಾಮ

ಪಾಲಿಸುವುದು ಬೇರೆ ವಿಷಯ, ಹೌದು 😄 ಪುಸ್ತಕದ ಭಾರ ಒಂದು, ಬೆನ್ನಿನ ಭಾರ ಒಂದು.

ನಾಪೋಕ್ಲು ಕಡೆಯವ

ಸರಿ, ಸಂಘದಲ್ಲಿ ಮಾತಾಡಿ ಹೀಗೆ ತೀರ್ಮಾನ ಮಾಡಿದ್ದೇವೆ. ಇಳಿಜಾರು ಇಲ್ಲ. ಮೈದಾನದ ಸಮ ಜಾಗದಲ್ಲಿ ನೇರ 60 ಮೀಟರ್. ಗೆರೆ ದಾಟಿದ ಮೇಲೆ ನಿಲ್ಲಲು ಇನ್ನೊಂದು 15 ಮೀಟರ್ ಖಾಲಿ, ಅಲ್ಲಿ ಜನ ನಿಲ್ಲುವ ಹಾಗಿಲ್ಲ. ಗಂಡಸರಲ್ಲಿ 65 ಕೆಜಿಗಿಂತ ಕಡಿಮೆ ಇರುವವರಿಗೆ 20, ಅದಕ್ಕಿಂತ ಮೇಲಿನವರಿಗೆ 25. ಹೆಂಗಸರಿಗೆ 15. ತಲೆ ಮೇಲೆ ಹೊರುವಂತಿಲ್ಲ, ಉಳಿದ ಹಾಗೆ ಹೇಗೆ ಬೇಕಾದರೂ ಹೊರಬಹುದು. ಗಂಬೂಟು ಬೇಡ. ಬೀಳುತ್ತೇನೆ ಅನ್ನಿಸಿದರೆ ಮೂಟೆ ಬಿಟ್ಟುಬಿಡಬಹುದು, ಮತ್ತೆ ಎತ್ತಿ ಓಡಬಹುದು, ಅದಕ್ಕೆ ದಂಡ ಇಲ್ಲ. ಓಟಗಾರರ ಮಧ್ಯೆ ಎರಡು ಮೀಟರ್ ಅಂತರ. ಬೆಳಿಗ್ಗೆಯೇ ಮುಗಿಸುತ್ತೇವೆ, ಊಟ ಆಮೇಲೆ. ಕೊನೆಗೆ ರಿಲೇ.

50 ಕೆಜಿ ಹೋಯಿತಲ್ಲ ಅಂತ ಕೆಲವರಿಗೆ ಮುನಿಸು ಇದೆ. ಅವರಿಗೆ ಮೂಟೆ ಎತ್ತಿ ನಿಲ್ಲುವ ಸ್ಪರ್ಧೆ ಬೇರೆ ಇಡೋಣ ಅಂತ ಸಮಾಧಾನ ಮಾಡಿದ್ದೇವೆ.

ಅಕ್ಕ, ಹೆಂಗಸರ 15 ಕೆಜಿ ಒಪ್ಪಿಗೆಯಾ?

ಸುಂಟಿಕೊಪ್ಪದ ಅಕ್ಕ

ಓಡುವುದಕ್ಕೆ ಆದರೆ 15 ಸರಿ. ಆದರೆ ಬಹುಮಾನ ಗಂಡಸರಿಗೆ ಎಷ್ಟೋ ಅಷ್ಟೇ ಇರಬೇಕು. ಸ್ಟೀಲ್ ಡಬ್ಬಿ ಕೊಟ್ಟು ಕಳಿಸಬೇಡಿ.

ನಾಪೋಕ್ಲು ಕಡೆಯವ

ಒಪ್ಪಿದೆ ಅಕ್ಕ, ಸಮ ಬಹುಮಾನ.

ಗೋಲ್‌ಪೋಸ್ಟ್ ಕಾಯುವವ

ಮಳೆ ಬಂದರೆ? ಗೋಣಿ ನೀರು ಕುಡಿಯುತ್ತದೆ, ಒಳಗಿನ ಭತ್ತವೂ. ಬೆಳಿಗ್ಗೆ ಓಡಿದವನಿಗೆ 25, ಫೈನಲ್‌ಗೆ ಬಂದಾಗ ಅದೇ ಚೀಲ ಇನ್ನೂ ಭಾರ. ನನ್ನ ಹಳೆ ಪ್ಯಾಡ್ ಕಥೆಯೇ ಆಗುತ್ತದೆ.

ತೋಟದ ರೈಟರ್

ಗೋಣಿ ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ, ಅದರಲ್ಲಿ ಭತ್ತ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಆಮೇಲೆ ಗೋಣಿ ಹೊಲಿಯಿರಿ. ಬರೀ ಪ್ಲಾಸ್ಟಿಕ್ ಚೀಲದಲ್ಲೇ ಓಡಿಸಬೇಡಿ, ಒದ್ದೆಯಾದರೆ ಹೆಗಲ ಮೇಲೆ ನಿಲ್ಲುವುದಿಲ್ಲ. ಗೋಣಿಯ ಒರಟು ಬೇಕು. ಕುತ್ತಿಗೆ ಉರಿಯದ ಹಾಗೆ ಟವೆಲ್ ಹಾಕಿಕೊಳ್ಳಲು ಬಿಡಿ. ಪ್ರತಿ ಸುತ್ತಿಗೆ ಮುಂಚೆ ಎಲ್ಲರ ಮುಂದೆ ಮತ್ತೆ ತೂಕ ಮಾಡಿ, ನೀರಿನಿಂದ ಭಾರ ಏರಿದ್ದರೆ ಚೀಲ ಬದಲಾಯಿಸಿ. ಹೆಚ್ಚುವರಿ ಚೀಲ ನಾಲ್ಕೈದು ತಯಾರು ಇರಲಿ.

ನಾಪೋಕ್ಲು ಕಡೆಯವ

ಅದು ಸರಿ ಅಣ್ಣ, ಆದರೆ ತೂಕದ ಮೆಷಿನ್? ನಮ್ಮ ಸಂಘದಲ್ಲಿ ಇರುವುದು ಅಡುಗೆಯವರ ಹಳೆ ತಕ್ಕಡಿ. ಅದು 10 ಕೆಜಿಗೇ ಓಲಾಡುತ್ತದೆ.

ತೋಟದ ರೈಟರ್

ಧಣಿಗಳನ್ನು ಕೇಳಿದ್ದೇನೆ, ನಮ್ಮ ಕಣದ ಮೆಷಿನ್ ಕೊಡಬಹುದು ಅಂದರು. ಹಿಂದಿನ ದಿನ ಸಂಜೆ ಜೀಪ್ ತಂದು ತೆಗೆದುಕೊಂಡು ಹೋಗಿ. ರಾತ್ರಿಯೇ ಚಾರ್ಜ್‌ಗೆ ಹಾಕಿ, ಬೆಳಿಗ್ಗೆ ಕರೆಂಟ್ ಇರುತ್ತದೆ ಅಂತ ನಂಬಬೇಡಿ. ಮಳೆಯಲ್ಲಿ ಇಡಬೇಡಿ. ಹಲಗೆ ಮೇಲೆ ಸಮ ಮಾಡಿ ಇಡಿ, ಹುಲ್ಲಿನ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ಮರುದಿನ ಮಧ್ಯಾಹ್ನದ ಒಳಗೆ ವಾಪಸ್ ಬರಬೇಕು.